ನಲವತ್ತೊಂದನೇ ಮೊಳೆ

ಸ್ವಲ್ಪ ತಾಳಿ. ಚಹಾ ಕೆಳಗಿಡಿ, ಪುಟ ತಿರುವಬೇಡಿ. ಈ ವಾರದ್ದನ್ನು ಪೂರ್ತಿ ಓದಿಯೇ ನೀವು ಏಳಬೇಕು.

ಒಬ್ಬ ಮನುಷ್ಯ ಗಣಿಯ ಒಳಗಿದ್ದ. ಅವನ ಹೆಸರು ಗೇಟಿನ ಕಂಪ್ಯೂಟರಿನ ಒಳಗೂ ಇತ್ತು. ಆದರೂ ಕೇಳಿದಾಗ ಕಂಪ್ಯೂಟರ್ "ಇಲ್ಲ" ಅಂದಿತು. ಆ "ಇಲ್ಲ" ನಂಬಿಕೊಂಡು ನಾವು ಬಂಡೆ ಸಿಡಿಸಿದೆವು.

ಆ ಕಂಪ್ಯೂಟರಿನ ಪ್ರೋಗ್ರಾಂ ಬರೆದವನು ನಾನು.

(ವಾರ ವಾರ ಇಲ್ಲಿ ನಿಧಾನವಾದ ಫೋನಿಗೆ ಮದ್ದು, ಪಾಸ್‌ವರ್ಡ್ ಮರೆತವರ ಗೋಳು ಅಂತ ಬರೆದು ನಿಮ್ಮನ್ನು ನಗಿಸುತ್ತಿದ್ದೆ. ಈ ಸಲ ಆಗಲ್ಲ.)

ಹೊಸಬರಿಗೆ ಒಂದು ಮಾತು. ನಾನು ಓದಿದ್ದು ಐಟಿಐ, ಫಿಟ್ಟರ್ ಟ್ರೇಡ್. ಮನೆ ಹೊಸಪೇಟೆ, ಕೆಲಸ ಸಂಡೂರು ಕಡೆಯ ಒಂದು ಅದಿರಿನ ಗಣಿಯ ಗೇಟ್ ಕ್ಯಾಬಿನ್ನಿನಲ್ಲಿ. ಪ್ರೋಗ್ರಾಮಿಂಗ್ ಕಲಿತದ್ದು ಸ್ಟಾಫ್ ಬಸ್ಸಿನಲ್ಲಿ, ಫೋನಿನಲ್ಲಿ ವಿಡಿಯೊ ನೋಡುತ್ತ. ಹೋಗುವಾಗ ಒಂದು, ಬರುವಾಗ ಒಂದು. ಹುಚ್ಚು ಎಷ್ಟು ಹತ್ತಿತೆಂದರೆ, ಯಾರೋ ಮಾಡಿಟ್ಟ ಪ್ರೋಗ್ರಾಮಿಂಗ್ ಭಾಷೆಗಳು ಸಾಲದೆ ನನ್ನದೇ ಒಂದು ಭಾಷೆ ಕಟ್ಟಿದೆ. ಚಿಕ್ಕದು. ಆದರೆ ನನ್ನದು.

ಗೇಟಿನ ಪ್ರೋಗ್ರಾಂ ಬರೆದದ್ದೂ ಅದೇ ಭಾಷೆಯಲ್ಲಿ. ಪಳಗಿದ ಬೇರೆ ಭಾಷೆ ಇರಲಿಲ್ಲವಾ? ಬೇಕಾದಷ್ಟಿದ್ದವು. ಕ್ಯಾಬಿನ್ನಿನ ಹಳೆ ಕಂಪ್ಯೂಟರಿಗೆ ಮೆಮೊರಿ ಕಡಿಮೆ, ಅದಕ್ಕೆ ನನ್ನ ಚಿಕ್ಕ ಭಾಷೆಯೇ ಸರಿ ಅಂತ ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ ಹೇಳಲಾ? ಹೆಮ್ಮೆ.

ಅದಕ್ಕೂ ಮೊದಲು ಅಲ್ಲಿ ಏನಿತ್ತು?

ಒಂದು ಮರದ ಹಲಗೆ. ಅದರ ತುಂಬ ಸಾಲು ಸಾಲು ಮೊಳೆ. ಪ್ರತಿ ಮೊಳೆಯ ಕೆಳಗೆ ಬಿಳಿ ಬಣ್ಣದಲ್ಲಿ ಒಂದು ನಂಬರು, ಮೊಳೆಗೆ ಅದೇ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆ. ಗಣಿಯೊಳಗೆ ಹೋಗುವವನು ತನ್ನ ಬಿಲ್ಲೆ ತೆಗೆದು ಕಿಸೆಗೆ ಹಾಕಿಕೊಳ್ಳಬೇಕು. ಹೊರಗೆ ಬಂದಾಗ ಮತ್ತೆ ಅಲ್ಲೇ ತೂಗುಹಾಕಬೇಕು. ಬಿಲ್ಲೆ ತೂಗುತ್ತಿದ್ದರೆ ಮನುಷ್ಯ ಹೊರಗೆ. ಮೊಳೆ ಖಾಲಿಯಿದ್ದರೆ ಮನುಷ್ಯ ಒಳಗೆ. ಅಷ್ಟೇ ಲೆಕ್ಕ.

ಮಧ್ಯಾಹ್ನ ಒಂದು ಗಂಟೆಗೆ ಬ್ಲಾಸ್ಟಿಂಗ್. ಹನ್ನೆರಡೂಮುಕ್ಕಾಲಿಗೆ ಮೊದಲ ಸೈರನ್, ಅಂದರೆ ಎಲ್ಲರೂ ಹೊರಗೆ ಬನ್ನಿ. ಹಲಗೆ ತುಂಬಿದ ಮೇಲೆ ಎರಡನೇ ಸೈರನ್, ಅಂದರೆ ಇನ್ನು ಸಿಡಿಸುತ್ತೇವೆ. ಸೈರನ್ ಒತ್ತುವುದು ಹುಲುಗಪ್ಪ ಮಾಮ. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಒಂದೇ ಒಂದು ಮೊಳೆ ಖಾಲಿಯಿದ್ದರೂ ಮಾಮನ ಕೈ ಸ್ವಿಚ್ಚಿನ ಕಡೆ ಹೋಗುತ್ತಿರಲಿಲ್ಲ. ಮ್ಯಾನೇಜರ್ ಫೋನ್ ಮಾಡಿ ಕಿರುಚಿದರೂ ಅಷ್ಟೇ, "ಮೊಳಿ ಖಾಲಿ ಐತ್ರಿ" ಅಂತ ಹೇಳಿ ಫೋನ್ ಇಟ್ಟುಬಿಡುತ್ತಿದ್ದ.

ದಿನಾ ಖಾಲಿ ಉಳಿಯುವ ಮೊಳೆ ಸಾಮಾನ್ಯವಾಗಿ ನಲವತ್ತೊಂದು. ಗಾದಿಲಿಂಗಣ್ಣಂದು.

ಗಾದಿಲಿಂಗಣ್ಣ ಕುರೆಕುಪ್ಪದವನು, ದಾಖಲೆಯಲ್ಲಿ ಗಾದಿಲಿಂಗಪ್ಪ. ಅದಿರಿನ ಸ್ಯಾಂಪಲ್ ತುಂಬುವ ಕೆಲಸ. ಡ್ರಿಲ್ ಮಾಡಿದ ಕಡೆಯೆಲ್ಲ ಹೋಗಿ, ಪುಡಿ ತೆಗೆದು, ಚಿಕ್ಕ ಚೀಲಕ್ಕೆ ತುಂಬಿ, ಚೀಟಿ ಕಟ್ಟಬೇಕು. ಅವಸರ ಅನ್ನುವುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಮೊದಲ ಸೈರನ್ ಆದರೂ ಕೈಯಲ್ಲಿದ್ದ ಚೀಲ ಕಟ್ಟಿಯೇ ಏಳುತ್ತಿದ್ದ. ಹೊರಗೆ ಉಳಿದವರು ಬೈದರೆ ಕಿಸೆ ತಟ್ಟಿ ತೋರಿಸುತ್ತಿದ್ದ: "ಬಿಲ್ಲಿ ಇಲ್ಲೇ ಐತಲ್ಲಪ್ಪ, ಮಾಮ ಹೆಂಗ ಹೊಡೀತಾನ?"

ಇದು ಅವನೊಬ್ಬನ ಕಥೆ ಅಂದುಕೊಳ್ಳಬೇಡಿ. ನಮ್ಮ ಗಣಿಯಲ್ಲಿ ಎಲ್ಲರದೂ ಅದೇ ಅಭ್ಯಾಸ. ರೂಲ್ ಬುಕ್ಕಿನಲ್ಲಿ ಮೊದಲ ಸೈರನ್ನಿಗೇ ಓಡಿ ಬರಬೇಕು ಅಂತಿದೆ. ಆದರೆ ಜನ ನಂಬಿದ್ದು ಸೈರನ್ನನ್ನಲ್ಲ, ಖಾಲಿ ಮೊಳೆಯನ್ನು. ಬಿಲ್ಲೆ ಕಿಸೆಯಲ್ಲಿರುವ ತನಕ ಬಂಡೆ ಸಿಡಿಯಲ್ಲ.

ಅಲ್ಲಿಗೆ ನಾನು ಕಂಪ್ಯೂಟರ್ ತಂದೆ. ಬಿಲ್ಲೆಯ ಬದಲು ಕೊರಳಿಗೆ ಕಾರ್ಡ್. ಗೇಟಿನಲ್ಲಿ ಕಾರ್ಡ್ ಹಚ್ಚಿದರೆ "ಟುಂಯ್" ಅನ್ನುತ್ತದೆ, ಹೆಸರು ಒಳಗೆ ಸೇರುತ್ತದೆ. ಹೊರಗೆ ಬಂದು ಹಚ್ಚಿದರೆ ಹೆಸರು ಹೋಗುತ್ತದೆ. ಪ್ರೋಗ್ರಾಂ ಒಬ್ಬೊಬ್ಬರನ್ನೇ ಹೆಸರು ಹಿಡಿದು ಹುಡುಕುತ್ತದೆ, ಯಾರೂ ಸಿಗದಿದ್ದರೆ ಸ್ಕ್ರೀನ್ ಹಸಿರಾಗಿ ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ: ಒಳಗೆ ಯಾರೂ ಇಲ್ಲ. ಸಾಹೇಬರು ಬೆನ್ನು ತಟ್ಟಿದರು. ಹಳೆ ಬಿಲ್ಲೆಗಳನ್ನು ನೆನಪಿಗೆ ಇರಲಿ ಅಂತ ಅವರವರಿಗೇ ಕೊಟ್ಟರು. ಹಲಗೆ ಕ್ಯಾಬಿನ್ನಿನ ಹಿಂದೆ ನೀರಿನ ಡ್ರಮ್ಮಿನ ಮುಚ್ಚಳವಾಯಿತು.

ಹುಲುಗಪ್ಪ ಮಾಮ ಆವತ್ತು ಸ್ಕ್ರೀನನ್ನೇ ಬಹಳ ಹೊತ್ತು ನೋಡಿದ.

"ಲೇ ತಮ್ಮಾ, ಮೊಳಿ ಖಾಲಿ ಇದ್ರ ನಂಗ ಕಾಣತಿತ್ತು. ಇದ್ರಾಗ ಒಬ್ಬಾಂವ ತಪ್ಪಿಸ್ಕಂಡ್ರ ಏನ್ ಕಾಣತೈತಿ?"

ತಪ್ಪಿಸಿಕೊಳ್ಳುವ ಮಾತೇ ಇಲ್ಲ ಮಾಮ, ಇದು ಕಂಪ್ಯೂಟರ್ ಅಂದೆ. ನಕ್ಕೆ ಕೂಡ.

ಗಾದಿಲಿಂಗಣ್ಣ ಮಾತ್ರ ದಿನಾ ಕಾಡಿಸುತ್ತಿದ್ದ. "ಏನ್ ಕಂಪ್ಯೂಟರ್ ಸ್ವಾಮಿ, ನಾ ಒಳಗ ಹೋಗ್ಲೋ ಬ್ಯಾಡೋ, ಕೇಳು ನಿನ್ನ ದೇವರ್ನ" ಅಂತ ಕಾರ್ಡ್ ಹಚ್ಚುತ್ತಿದ್ದ. ಟುಂಯ್.

ಎರಡು ತಿಂಗಳು ಎಲ್ಲ ಸರಿಯಾಗಿ ಓಡಿತು.

ಆವತ್ತು ಗಣಿಯಲ್ಲಿ ಜನ ಜಾಸ್ತಿ. ಯಾವುದೋ ರಿಪೇರಿಗೆ ಕಾಂಟ್ರಾಕ್ಟಿನವರು ಬಂದಿದ್ದರು, ಲಾರಿಗಳೂ ಜಾಸ್ತಿ. ಹನ್ನೆರಡೂಮುಕ್ಕಾಲಿಗೆ ಸೈರನ್ ಆಯಿತು. ಜನ ಸಾಲಾಗಿ ಬಂದರು. ಟುಂಯ್ ಟುಂಯ್ ಟುಂಯ್. ಸ್ಕ್ರೀನ್ ಹಸಿರಾಯಿತು. ಮಾಮ ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ.

ಎರಡನೇ ಸೈರನ್. ಆಮೇಲೆ ನೆಲ ನಡುಗಿತು, ಕೆಂಪು ಧೂಳು ಎದ್ದಿತು. ದಿನಾ ಏಳುವ ಹಾಗೆಯೇ.

ಧೂಳು ಇಳಿದ ಮೇಲೆ ನೋಡಲು ಹೋದ ಬ್ಲಾಸ್ಟರ್ ಕೆಳಗಿನಿಂದ ಕೂಗಿಕೊಂಡ. ಗಾದಿಲಿಂಗಣ್ಣ ಅದಿರಿನ ಗುಡ್ಡೆಯ ಹಿಂದೆ ಬಿದ್ದಿದ್ದ. ಹಾರಿ ಬಂದ ಕಲ್ಲು ಎಡಗಾಲ ಮೇಲೆ. ಪಕ್ಕದಲ್ಲಿ ಅರ್ಧ ಕಟ್ಟಿದ ಚೀಲ. ಕೊರಳಲ್ಲಿ ನನ್ನ ಕಾರ್ಡ್.

ಬಳ್ಳಾರಿಯ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಬೇಕಾಯಿತು.

ಅಂದು ಸಂಜೆಯ ಹೊತ್ತಿಗೆ ನನ್ನನ್ನು ಆಫೀಸಿಗೆ ಕರೆದರು. ಒಬ್ಬ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಈ ಮನುಷ್ಯ ಕಾರ್ಡ್ ಹಚ್ಚಿ ಒಳಗೆ ಹೋಗಿದ್ದನೋ, ಕಣ್ತಪ್ಪಿಸಿ ಹೋಗಿದ್ದನೋ? ಯಾರು ಯಾವಾಗ ಒಳಗೆ ಹೋದರು ಅಂತ ಬೇರೆ ಪಟ್ಟಿ ಇರಲಿಲ್ಲವಾ ಅಂತ ನೀವು ಕೇಳಬಹುದು. ಜಾಗ ಉಳಿಸಲು ನಾನು ಇಟ್ಟಿರಲಿಲ್ಲ. ಹಾಗಾಗಿ ನಾನು ಏನು ಮಾಡಿದೆ? ಪ್ರೋಗ್ರಾಮನ್ನೇ ಕೇಳಿದೆ. ಗಾದಿಲಿಂಗಪ್ಪ, ನಲವತ್ತೊಂದು, ಒಳಗಿದ್ದಾನಾ?

ಇಲ್ಲ, ಅಂದಿತು.

ನಾನು ಬರೆದು ಕೊಟ್ಟೆ. "ಪ್ರೋಗ್ರಾಂ ಸರಿಯಾಗಿದೆ. ಸದರಿ ಕಾರ್ಮಿಕರು ಕಾರ್ಡ್ ಹಚ್ಚದೆ ಒಳಹೋಗಿರುತ್ತಾರೆ." ಕೆಳಗೆ ಸಹಿ ಮಾಡಿದೆ.

ಅರ್ಥವಾಯಿತಾ ನಿಮಗೆ? ಕಾಲು ಕಳೆದುಕೊಂಡ ಮನುಷ್ಯ ನನ್ನ ಒಂದು ಸಹಿಯಿಂದ ರೂಲ್ ಮುರಿದ ಮನುಷ್ಯನೂ ಆದ. ರೂಲ್ ಮುರಿದವನಿಗೆ ಗಣಿಯಲ್ಲಿ ಮತ್ತೆ ಕೆಲಸವಿಲ್ಲ. ಕೂತು ಮಾಡುವ ಕೆಲಸ ಕೂಡ ಇಲ್ಲ.

ಮರುದಿನ ಹುಲುಗಪ್ಪ ಮಾಮ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ನಿನ್ನಿ ಮುಂಜಾನೆ ಅಂವ ಕಾರ್ಡ್ ಹಚ್ಚಿದ್ದು ನಾ ನೋಡೀನಿ. ನಿನ್ನ ದೇವರ್ನ ಕೇಳು ಅಂದ, ನೀ ನಕ್ಕಿ. ಟುಂಯ್ ಅಂತು. ನಿನ್ನ ಕಿವಿಗೆ ಬಿದ್ದಿಲ್ಲೇನು?"

ಬಿದ್ದಿತ್ತು. ಬಿದ್ದಿದ್ದರೂ ನಾನು ಸ್ಕ್ರೀನನ್ನು ನಂಬಿದ್ದೆ. ದಿನಾ ಕೇಳುವ ಸದ್ದು, ಅದು ಬೇರೆ ಯಾವ ದಿನದ್ದೋ ಅಂತ ಸಹಿ ಮಾಡುವಾಗ ನನಗೆ ನಾನೇ ಹೇಳಿಕೊಂಡಿದ್ದೆ. ಮಾಮ ಈ ಮಾತನ್ನು ಸಾಹೇಬರ ಮುಂದೆಯೂ ಹೇಳಿದನಂತೆ. ವಯಸ್ಸಾದವರಿಗೆ ಮರೆವು ಇರುತ್ತೆ, ಕಂಪ್ಯೂಟರಿಗೆ ಇರಲ್ಲ ಅಂತ ಅವರು ಕಳಿಸಿದರಂತೆ.

ಅಪಘಾತ ಆದಾಗಿನಿಂದ ಕೆಲಸ ನಿಂತಿತ್ತು. ದಿನಾ ಸಂಜೆ ಆಫ್ ಮಾಡುವ ಗೇಟಿನ ಕಂಪ್ಯೂಟರನ್ನು ಯಾರೂ ಆಫ್ ಮಾಡಿರಲಿಲ್ಲ. ಮೂರನೇ ದಿನ ಅದರ ಮುಂದೆ ಕೂತೆ. ಈ ಸಲ ಹೆಸರು ಹೇಳಿ ಕೇಳಲಿಲ್ಲ. ಒಳಗಿರುವುದನ್ನೆಲ್ಲ ಮೊದಲಿಂದ ಕೊನೆಯ ತನಕ ಸುರಿ ಅಂದೆ.

ಖಾಲಿ, ಖಾಲಿ, ಖಾಲಿ ಅಂತ ಸಾಲುಗಳು ಓಡಿದವು. ನಡುವೆ ಒಂದು ಸಾಲು ಬಂತು. ಗಾದಿಲಿಂಗಪ್ಪ. ನಲವತ್ತೊಂದು. ಒಳಗೆ ಹೋದದ್ದು ಬೆಳಿಗ್ಗೆ ಎಂಟು ಹತ್ತು. ಹೊರಗೆ ಬಂದದ್ದು: ಜಾಗ ಖಾಲಿ.

ಮೂರು ದಿನದಿಂದ ಅವನು ಅಲ್ಲೇ ಇದ್ದ.

ಇದು ಹೇಗೆ ಸಾಧ್ಯ? ನಿಮಗೆ ಕಂಪ್ಯೂಟರ್ ಬೇಡ, ಬಸ್ ಸಾಕು. ನಮ್ಮ ಪಕ್ಕದ ಮನೆ ಅಜ್ಜಿ ಒಮ್ಮೆ ಹೊಸಪೇಟೆಯಿಂದ ಕಂಪ್ಲಿ ಬಸ್ ಹತ್ತಿದರು, ಕಮಲಾಪುರದಲ್ಲಿ ಇಳಿಯಬೇಕು. ನಿದ್ದೆ ಬಂದರೆ ಎಬ್ಬಿಸಪ್ಪ ಅಂತ ಕಂಡಕ್ಟರಿಗೆ ಹೇಳಿದರು. ಕಂಡಕ್ಟರ್ ಒಳ್ಳೆಯವನು, ಗುರುತು ಇಟ್ಟುಕೊಂಡ. ಏನಂತ? ಹಿಂದಿನಿಂದ ಮೂರನೇ ಸೀಟು, ಕಿಟಕಿ ಪಕ್ಕ. ನಡುವೆ ಜನ ಇಳಿದರು, ಸೀಟುಗಳು ಖಾಲಿಯಾದವು. ಮುಂದ ಸರೀರಿ, ಮುಂದ ಸರೀರಿ ಅಂತ ಅವನೇ ಎಲ್ಲರನ್ನೂ ಮುಂದಕ್ಕೆ ಕೂರಿಸಿದ. ಅಜ್ಜಿ ಮುಂದಿನ ಸೀಟಿಗೆ ಬಂದು ನಿದ್ದೆ ಹೋದರು. ಕಮಲಾಪುರ ಬಂತು. ಕಂಡಕ್ಟರ್ ಹಿಂದಿನ ಮೂರನೇ ಸೀಟು ನೋಡಿದ. ಯಾರೂ ಇಲ್ಲ. ಓಹೋ, ಅಜ್ಜಿ ಇಳಿದಾಯಿತು ಅಂತ ಸೀಟಿ ಊದಿದ. ಅಜ್ಜಿ ಎದ್ದದ್ದು ಕಂಪ್ಲಿಯಲ್ಲಿ. ಜಗಳಕ್ಕೆ ನಿಂತರೆ ಅವನಂದದ್ದು ಕೇಳಿ: "ನೀ ಆ ಸೀಟಿನಾಗ ಇರ್ಲಿಲ್ಲಲ್ಲ ಬೇ!"

ಇದೇ. ಇಷ್ಟೇ.

ನನ್ನ ಭಾಷೆಯಲ್ಲಿ ಹೆಸರುಗಳನ್ನು ಜಲ್ದಿ ಹುಡುಕಲು ಹ್ಯಾಷ್ ಟೇಬಲ್ ಅಂತ ಒಂದು ವ್ಯವಸ್ಥೆ. ಔಷಧಿ ಅಂಗಡಿಯ ಡ್ರಾಯರುಗಳ ಹಾಗೆ ಅಂದುಕೊಳ್ಳಿ. ಪ್ರತಿಯೊಬ್ಬನಿಗೂ ಒಂದು ಡ್ರಾಯರ್ ನಂಬರ್ ಬರುವಂತೆ ಲೆಕ್ಕ ಕಟ್ಟಬೇಕು. ಹುಡುಕುವಾಗ ಅದೇ ಲೆಕ್ಕ ಹಾಕಿ ಆ ಒಂದು ಡ್ರಾಯರ್ ಎಳೆದು ನೋಡಿದರೆ ಸಾಕು, ಅಂಗಡಿಯೆಲ್ಲ ಜಾಲಾಡಬೇಕಿಲ್ಲ. ಮಸ್ತ್ ಉಪಾಯ. ಆದರೆ ನಾನು ಲೆಕ್ಕ ಕಟ್ಟಿದ್ದು ಯಾವುದರ ಮೇಲೆ? ಆ ಮನುಷ್ಯನ ವಿವರ ಮೆಮೊರಿಯಲ್ಲಿ ಕೂತ ಜಾಗದ ಮೇಲೆ. ಸೀಟಿನ ಮೇಲೆ!

ಮೆಮೊರಿ ತುಂಬಿದಾಗ ನನ್ನ ಭಾಷೆ ಇನ್ನೊಂದು ಕೆಲಸ ಮಾಡುತ್ತದೆ. ಹೊರಗೆ ಹೋದವರು ಅಲ್ಲಿಯ ತನಕ ಹಿಡಿದಿಟ್ಟ ಜಾಗ ಮುಚ್ಚಲು ಇದ್ದವರನ್ನೆಲ್ಲ ಮುಂದಕ್ಕೆ ಸರಿಸುತ್ತದೆ. ಇದಕ್ಕೆ ಕಾಂಪ್ಯಾಕ್ಷನ್ ಅನ್ನುತ್ತಾರೆ. ಅದನ್ನೂ ನಾನೇ ಬರೆದದ್ದು, ಅದು ಓಡಿದ ದಿನ ಮನೆಯಲ್ಲಿ ಎಲ್ಲರಿಗೂ ಮಿರ್ಚಿ ಬಜ್ಜಿ ತಂದಿದ್ದೆ. ಸರಿದ ಮೇಲೆ ಜಾಗ ಬೇರೆ. ಜಾಗ ಬೇರೆಯಾದರೆ ಲೆಕ್ಕ ಬೇರೆ. ಹೆಸರು ಇಟ್ಟದ್ದು ಹಳೆ ಡ್ರಾಯರಿನಲ್ಲಿ, ಲೆಕ್ಕ ಬೇರೆಯಾದರೆ ಈಗ ಎಳೆಯುವ ಡ್ರಾಯರೇ ಬೇರೆ. ಅಲ್ಲಿ ಯಾರೂ ಇಲ್ಲ.

ಆ ದಿನ ಜನ, ಲಾರಿ ಎಲ್ಲ ಜಾಸ್ತಿಯಾಗಿ ಮೊದಲ ಸಲ ಮೆಮೊರಿ ತುಂಬಿತು. ತುಂಬಿದ್ದು ಯಾವಾಗ? ಎಲ್ಲರೂ ಹೊರಗೆ ಬಂದು ಮುಗಿದು, ಒಬ್ಬನೇ ಒಳಗೆ ಉಳಿದಾಗ. ಆ ಒಬ್ಬನನ್ನು ನನ್ನ ಪ್ರೋಗ್ರಾಂ ಅಷ್ಟೂ ಖಾಲಿ ಸೀಟು ದಾಟಿಸಿ ಮುಂದಕ್ಕೆ ಕೂರಿಸಿತು. ಆಮೇಲೆ ತಪ್ಪು ಡ್ರಾಯರ್ ಎಳೆದು ನೋಡಿ, ಇಲ್ಲ ಅಂದಿತು. ಮನೆಯ ಲ್ಯಾಪ್‌ಟಾಪಿನಲ್ಲಿ ಹತ್ತು ಹೆಸರು ಹಾಕಿ ಟೆಸ್ಟ್ ಮಾಡಿದ್ದೆ. ಅಲ್ಲಿ ಮೆಮೊರಿ ತುಂಬುವ ಪ್ರಶ್ನೆಯೇ ಬರಲಿಲ್ಲ.

ಪಳಗಿದ ಭಾಷೆಗಳಲ್ಲಿ ಇದಕ್ಕೆ ಮದ್ದಿದೆ. ಮೊದಲ ಸಲ ಕೊಟ್ಟ ನಂಬರನ್ನು ಅವನ ಜೊತೆಗೇ ಕಟ್ಟಿಬಿಡುತ್ತಾರೆ, ಎಲ್ಲಿಗೆ ಸರಿದರೂ ಅದು ಬದಲಾಗಲ್ಲ. ಇಲ್ಲವೇ ಸರಿಸಿದ ಮೇಲೆ ಡ್ರಾಯರುಗಳನ್ನೂ ಹೊಸದಾಗಿ ಜೋಡಿಸುತ್ತಾರೆ. ನಾನು ನೋಡಿದ ವಿಡಿಯೊದಲ್ಲೂ ಇದನ್ನು ಹೇಳುತ್ತಿದ್ದರು. ಬಸ್ ಹೊಸಪೇಟೆ ಮುಟ್ಟಿತ್ತು. ನಾಳೆ ನೋಡೋಣ ಅಂತ ಇಳಿದುಬಿಟ್ಟೆ. ಆ ನಾಳೆ ಬರಲಿಲ್ಲ.

ಗಾದಿಲಿಂಗಣ್ಣ ಆಸ್ಪತ್ರೆಯಿಂದ ಮನೆಗೆ ಬಂದನೆಂದು ತಿಳಿದ ದಿನವೇ ಕುರೆಕುಪ್ಪಕ್ಕೆ ಹೋದೆ. ಹೋಗದೆ ಹೇಗಿರಲಿ?

ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಹೆಂಡತಿ ಈರಮ್ಮಕ್ಕ ನನ್ನನ್ನು ನೋಡಿ, ಕುಂದ್ರು ಅನ್ನದೆ ಒಳಗೆ ಹೋದಳು. ಅವನೇ ಕೈ ತೋರಿಸಿ ಕೂರಿಸಿದ. ಆವತ್ತಿನದನ್ನು ತಾನಾಗಿಯೇ ಹೇಳಿದ. ಪಕ್ಕದಲ್ಲಿ ಡ್ರಿಲ್ ಮಷೀನ್ ಓಡುತ್ತಿತ್ತಂತೆ, ಮೊದಲ ಸೈರನ್ ಕೇಳಿಸಲೇ ಇಲ್ಲವಂತೆ. ಗುಡ್ಡೆಯ ಹಿಂದೆ ಇದ್ದವನು ಡ್ರಿಲ್ಲಿನವರಿಗೂ ಕಾಣಲಿಲ್ಲ, ಅವರು ಮಷೀನ್ ನಿಲ್ಲಿಸಿ ಹೋದರು.

"ಎರಡನೇದು ಕೇಳಿತು. ಅದು ಎರಡನೇದು ಅಂತ ನಂಗ ಹೆಂಗ ಗೊತ್ತಾಗ್ಬೇಕು? ಕಾರ್ಡ್ ಕೊಳ್ಳಾಗ ಐತಿ, ನಾ ಒಳಗ ಅದೀನಿ, ಹಂಗಿದ್ರ ಇದು ಮೊದಲ್ನೇದಽ ಅಂದ್ಕಂಡೆ. ಚೀಲ ಕಟ್ಟಾಕ ಕುಂತೆ."

ನಾನು ಬಸ್ಸಿನ ಕಥೆ ಹೇಳಿದೆ, ಡ್ರಾಯರ್ ಹೇಳಿದೆ. ತಾಳ್ಮೆಯಿಂದ ಕೇಳಿದ. ಆಮೇಲೆ ಕೇಳಿದ:

"ನನ್ನ ಹೆಸರು ಅದ್ರಾಗ ಇತ್ತಾ?"

"ಇತ್ತಣ್ಣ."

"ಇಡೀ ಹೊತ್ತು?"

"ಇಡೀ ಹೊತ್ತು. ಈಗೂ ಐತಿ."

"ಮತ್ತ ಕದ್ದು ಹೋದ ಅಂತ ಯಾಕ ಬರದಿ?"

ಹುಡುಕುವುದರಲ್ಲಿ ತಪ್ಪಿದೆಯಾ ಅಂತ ನೋಡಲು ಅದೇ ತಪ್ಪು ಹುಡುಕಾಟವನ್ನು ಕೇಳಿದ್ದೆ. ಕಂಡಕ್ಟರ್ ಮತ್ತೊಮ್ಮೆ ಅದೇ ಖಾಲಿ ಸೀಟು ನೋಡಿ ಬಂದ ಹಾಗೆ.

ಒಳಗಿನಿಂದ ಈರಮ್ಮಕ್ಕನ ದನಿ ಬಂತು. "ಕಾಲು ಹೋತು, ಹೋಗ್ಲಿ. ಓಣ್ಯಾಗ ಎಲ್ಲಾರು ನಿನ್ನ ಗಂಡ ಕದ್ದು ಹೋಗಿದ್ನಂತಲ್ಲ ಅಂತಾರ. ಅದನ್ನ ಯಾ ಡಾಕ್ಟ್ರು ಕತ್ತರಿಸ್ತಾರ?"

ಮರುದಿನ ಎರಡನೇ ಪತ್ರ ಬರೆದೆ. ತಪ್ಪು ಪ್ರೋಗ್ರಾಮಿನದು, ಅಂದರೆ ನನ್ನದು. ಅವರು ಕಾರ್ಡ್ ಹಚ್ಚಿಯೇ ಒಳಗೆ ಹೋಗಿದ್ದರು. ಸಾಕ್ಷಿಗೆ ಕಂಪ್ಯೂಟರ್ ಸುರಿದ ಸಾಲುಗಳ ಪ್ರಿಂಟ್ ಲಗತ್ತಿಸಿದೆ. ಅಧಿಕಾರಿ ಎರಡೂ ಪತ್ರ ಪಕ್ಕಪಕ್ಕ ಇಟ್ಟು ನೋಡಿದರು. ಮೊದಲು ಹಾಗೆ ಬರೆದವನು ಈಗ ಹೀಗೆ ಬರೆಯುತ್ತಿದ್ದೀಯ, ಯಾವುದನ್ನು ನಂಬಬೇಕು ಅಂದರು. ಫೈಲಿನಲ್ಲಿ ಎರಡೂ ಇವೆ. ಮೊದಲನೆಯದು ಮೇಲಿದೆ. ವಿಚಾರಣೆ ಮುಗಿದಿಲ್ಲ, ನೋಟಿಸ್ ಬೋರ್ಡಿನಲ್ಲಿ ಗಾದಿಲಿಂಗಣ್ಣನ ಹೆಸರು ಇನ್ನೂ ರೂಲ್ ಮುರಿದವರ ಪಟ್ಟಿಯಲ್ಲಿದೆ. ಅಲ್ಲಿ ಮಾತ್ರ ಅದು ಕೇಳಿದ ತಕ್ಷಣ ಸಿಗುತ್ತದೆ.

ನನಗೆ ಕಂಪ್ಯೂಟರ್ ಮುಟ್ಟಬೇಡ ಅಂದಿದ್ದಾರೆ. ಈಗ ಹೆಲ್ಮೆಟ್ ಹಂಚುವ ಕೆಲಸ. ಬೇಜಾರಿಲ್ಲ.

ಹಲಗೆ ವಾಪಸ್ ಗೋಡೆಗೆ ಬಂದಿದೆ. ನೀರಿನ ಕಲೆ ಬಿದ್ದಿದೆ, ಆದರೂ ಗಟ್ಟಿಯಿದೆ. ಹೆಲ್ಮೆಟ್ ಕೊಡುತ್ತ ಅದನ್ನೇ ನೋಡುತ್ತ ನಿಂತಾಗ ನನಗೆ ಹೊಳೆದದ್ದು ಹೇಳುತ್ತೇನೆ. ಹಲಗೆಯೂ ತಪ್ಪು ಮಾಡುತ್ತದೆ. ಗಾಳಿಗೆ ಬಿಲ್ಲೆ ಬೀಳಬಹುದು, ಯಾರೋ ಮರೆತು ಮನೆಗೆ ಒಯ್ಯಬಹುದು. ಆಗ ಏನಾಗುತ್ತದೆ? ಮೊಳೆ ಖಾಲಿ ಕಾಣುತ್ತದೆ, ಯಾರೋ ಒಳಗಿದ್ದಾರೆ ಅಂತ ಮಾಮ ಕಾಯುತ್ತಾನೆ. ಊಟ ತಡ, ಬೈಗುಳ, ಅಷ್ಟೇ. ಹಲಗೆಯಲ್ಲಿ "ಸಿಗಲಿಲ್ಲ" ಅಂದರೆ "ನಿಲ್ಲು". ನನ್ನ ಪ್ರೋಗ್ರಾಮಿನಲ್ಲಿ "ಸಿಗಲಿಲ್ಲ" ಅಂದರೆ "ಹೊಡಿ". ಆ ಹಲಗೆ ಮಾಡಿದ ಬಡಗಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಗಣಿ ಬಿಡಿ, ಊರಲ್ಲಿ ನೋಡಿ. ಹಂಪಿಯಲ್ಲಿ ಒಮ್ಮೆ ಇಬ್ಬರು ಪ್ರವಾಸಿಗರು ಗೆಸ್ಟ್ ಹೌಸಿನ ಬಾಗಿಲಲ್ಲೇ ನಿಂತು, ಫೋನಿನ ಮ್ಯಾಪ್ ಹಿಡಿದು, ಇಲ್ಲಿ ಆ ಗೆಸ್ಟ್ ಹೌಸ್ ಇಲ್ಲ ಅಂತ ಅದರ ಮಾಲೀಕನ ಜೊತೆಯೇ ವಾದ ಮಾಡುತ್ತಿದ್ದರು. ಅದಕ್ಕೆ ನಗಬಹುದು. ಆದರೆ ರೇಷನ್ ಅಂಗಡಿಯಲ್ಲಿ ಸವೆದ ಬೆರಳನ್ನು ಒತ್ತಿ ಒತ್ತಿ ಸೋತ ಮುದುಕಿಗೆ "ನಿನ್ನ ಹೆಸರು ಬರ್ತಿಲ್ಲ" ಅನ್ನುವಾಗ? ಆಸ್ಪತ್ರೆಯ ಕೌಂಟರಿನಲ್ಲಿ "ಸಿಸ್ಟಮ್ಮಿನಲ್ಲಿ ನೀವಿಲ್ಲ" ಅನ್ನುವಾಗ? ಹುಡುಕಿದ ರೀತಿ ತಪ್ಪಿರಬಹುದು ಅಂತ ಯಾರಾದರೂ ಅನ್ನುತ್ತಾರಾ? ತಪ್ಪು ಯಾವಾಗಲೂ ಎದುರಿಗೆ ನಿಂತವನದೇ.

ಗಣಿಯಲ್ಲಿ ಮತ್ತೆ ಕೆಲಸ ಶುರುವಾದ ದಿನ ಎಲ್ಲರೂ ಮನೆಯಿಂದ ಬಿಲ್ಲೆ ತಂದು ತೂಗುಹಾಕಿದರು. ನಲವತ್ತೊಂದು ಬರಲಿಲ್ಲ. ಗಾದಿಲಿಂಗಣ್ಣ ಕಳಿಸಿಲ್ಲ, ಯಾರೂ ಕೇಳಿಯೂ ಇಲ್ಲ. ಹಾಗಾಗಿ ದಿನಾ ಒಂದು ಗಂಟೆಗೆ ಹಲಗೆ ತುಂಬುವುದೇ ಇಲ್ಲ. ಹುಲುಗಪ್ಪ ಮಾಮ ಏನು ಮಾಡುತ್ತಾನೆ ಗೊತ್ತಾ? ಸ್ವಿಚ್ ಬಿಟ್ಟು, ಕೋಲು ಹಿಡಿದು, ತಾನೇ ಆ ಗುಡ್ಡೆಯ ತನಕ ನಡೆದು ಹೋಗಿ, ಹಿಂದೆ ಬಗ್ಗಿ ನೋಡಿ ಬರುತ್ತಾನೆ. ಆಮೇಲೆ ಎರಡನೇ ಸೈರನ್. ದಿನಾ ತಡ. ಮೊನ್ನೆ ಒಬ್ಬ ಸೂಪರ್‌ವೈಸರ್ ಬೇಸತ್ತು, ಆ ಮೊಳೆಯನ್ನೇ ಕಿತ್ತುಬಿಡಿ ಅಂದ.

ಮಾಮ ಎಲೆ ಅಡಿಕೆ ಉಗುಳಿ ಬಂದು ಹೇಳಿದ: "ಕಿತ್ತರ ತೂತು ಉಳೀತೈತ್ರಿ ಸಾಹೇಬ್ರ. ಅದನ್ನೂ ನೋಡಾಕ ಹೋಗಬೇಕಾಕ್ಕೈತಿ."

ಈ ವಾರ ನಿಮ್ಮ ಸರದಿ. ನೀವು ಎದುರಿಗೇ ನಿಂತಿದ್ದಾಗ, ಉಸಿರಾಡುತ್ತಿದ್ದಾಗ, ಸ್ಕ್ರೀನ್ ನೋಡಿ ನಿಮ್ಮನ್ನು "ಇಲ್ಲ" ಅಂದದ್ದು ಎಲ್ಲಿ, ಏನಾಯಿತು, ನನಗೆ ಬರೆಯಿರಿ. ಒಂದು ವಿಷಯ ಮಾತ್ರ ಮರೆಯದೆ ತಿಳಿಸಿ: ಹಾಗೆ ಹೇಳಿದವರು, ಹೇಳುವ ಮೊದಲು, ಒಮ್ಮೆಯಾದರೂ ತಲೆಯೆತ್ತಿ ನಿಮ್ಮ ಮುಖ ನೋಡಿದ್ದರಾ?